ಮಳೆಗಾಳಿಗೆ ಮುನ್ನ ಮನೆಯ ತಪಾಸಣೆ: ಯಾರು ನೋಡಬೇಕು, ಏನನ್ನು ನೋಡಬೇಕು?

ಶಿವಮೊಗ್ಗ: ಕಳೆದ ವರ್ಷ ಏಪ್ರಿಲ್ ಕೊನೆಯಲ್ಲಿ ರಾಗಿಗುಡ್ಡದ ಒಂದು ಮನೆಗೆ ಹೋಗುವ ಸಂದರ್ಭ ಬಂದಿತ್ತು. ಮನೆಯವರು ಮೂಲತಃ ನಮ್ಮ ಕರಾವಳಿಯವರು. ಕೆಲಸದ ನಿಮಿತ್ತ ಘಟ್ಟ ಹತ್ತಿ ಬಂದು ಇಲ್ಲಿಯೇ ನೆಲೆಸಿದವರು. ಯಜಮಾನರು ತೀರಿಹೋಗಿದ್ದಾರೆ, ಮಗ ಅಮೆರಿಕದ ಒಕ್ಲಹೋಮಾ ರಾಜ್ಯದಲ್ಲಿ ಕೆಲಸದಲ್ಲಿದ್ದಾನೆ. ಕಾಫಿ ಕೊಡುತ್ತಾ ಆ ತಾಯಿ ಹೇಳಿದರು: "ಫಾದರ್, ಮಗ ಮನೆಯ ಗ್ಯಾರೇಜಿನಲ್ಲಿ ಒಂದು ಕಬ್ಬಿಣದ ಕೋಣೆ ಕೂರಿಸಿದ್ದಾನಂತೆ. ಸುಂಟರಗಾಳಿ ಬಂದರೆ ಹೆಂಡತಿ ಮಕ್ಕಳೊಂದಿಗೆ ಅದರೊಳಗೆ ಹೋಗಿ ಕೂರುವುದಂತೆ. ಊರಿನ ಆಡಳಿತದವರು ಬಂದು ಬೋಲ್ಟು ಬೋಲ್ಟನ್ನೂ ಮುಟ್ಟಿ ನೋಡಿ ಸಹಿ ಹಾಕಿ ಹೋದರಂತೆ. ನಮ್ಮ ಮನೆಯನ್ನು ಯಾರು ಬಂದು ನೋಡುತ್ತಾರೆ?"

ಆ ದಿನ ನನ್ನಲ್ಲಿ ಉತ್ತರ ಇರಲಿಲ್ಲ. ಹಿಂದಿನ ವಾರವಷ್ಟೇ ಬೀಸಿದ ಗಾಳಿಗೆ ಅವರ ಹಿತ್ತಲಿನ ಬಚ್ಚಲುಮನೆಯ ಎರಡು ಶೀಟು ಹಾರಿ ಪಕ್ಕದವರ ಅಂಗಳಕ್ಕೆ ಬಿದ್ದಿದ್ದವು. ಆ ಬಳಿಕ ತಿಳಿದವರಲ್ಲಿ ಕೇಳಿ, ಕೆಲವು ಮನೆಗಳನ್ನು ಇಂಜಿನಿಯರರ ಜತೆ ಸುತ್ತಿ ನೋಡಿ, ಓದಿ ತಿಳಿದುಕೊಂಡ ವಿಷಯಗಳನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ. ಮಳೆಗಾಲ ಹಿಡಿದ ಮೇಲೆ ಇದನ್ನೆಲ್ಲ ಮಾಡಲಾಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಾಡಿ ಮುಗಿಸಬೇಕು.

ಅಲ್ಲಿಯ ಕಬ್ಬಿಣದ ಕೋಣೆ

ಒಕ್ಲಹೋಮಾ ಸುಂಟರಗಾಳಿಯ ನಾಡು. 2013ರ ಮೇ 20ರಂದು ಅಲ್ಲಿಯ ಮೂರ್ ಎಂಬ ಊರಿಗೆ ಬಡಿದ ಸುಂಟರಗಾಳಿಯಲ್ಲಿ 24 ಮಂದಿ ಪ್ರಾಣ ಕಳೆದುಕೊಂಡರು. ಇವರಲ್ಲಿ ಏಳು ಮಂದಿ ಒಂದೇ ಪ್ರಾಥಮಿಕ ಶಾಲೆಯ ಮಕ್ಕಳು. ಇಂತಹ ಅನುಭವಗಳಿಂದಾಗಿ ಅಲ್ಲಿ ಮನೆಯೊಳಗೊಂದು ಆಶ್ರಯ ಕೋಣೆ ಕಟ್ಟಿಸಿಕೊಳ್ಳುವುದು ಸಾಮಾನ್ಯವಾಗಿದೆ. ಗಂಟೆಗೆ ಸುಮಾರು 400 ಕಿಲೋಮೀಟರ್ ವೇಗದ ಗಾಳಿಯನ್ನು ತಡೆಯುವಂತೆ ಅದರ ವಿನ್ಯಾಸವಿರಬೇಕು. ಏಳು ಕಿಲೋದಷ್ಟು ತೂಕದ ಮರದ ತುಂಡನ್ನು ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಹೊಡೆದರೂ ಗೋಡೆ, ಬಾಗಿಲು ತೂತಾಗಬಾರದು ಎಂಬುದು ಅದರ ಪರೀಕ್ಷೆ.

ತಪಾಸಣೆಗೆ ಬರುವವರು ಮುಖ್ಯವಾಗಿ ನೋಡುವುದು ಎರಡನ್ನು: ಕೋಣೆಯನ್ನು ಕಾಂಕ್ರೀಟು ನೆಲಕ್ಕೆ ಬಿಗಿದ ಬೋಲ್ಟುಗಳು ಮತ್ತು ಬಾಗಿಲು. ಕೋಣೆ ಎಷ್ಟು ಗಟ್ಟಿಯಿದ್ದರೂ ನೆಲಕ್ಕೆ ಬಿಗಿಯದಿದ್ದರೆ ಅದು ಒಂದು ಡಬ್ಬಿಯಷ್ಟೇ. ಅಲ್ಲಿಯ ಕೇಂದ್ರ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾ ಯಾವ ಕಂಪೆನಿಯ ಕೋಣೆಗೂ ಪ್ರಮಾಣಪತ್ರ ಕೊಡುವುದಿಲ್ಲ. ಹಾಗೆ ಪ್ರಮಾಣಪತ್ರವಿದೆ ಎಂದು ಹೇಳಿ ಮಾರುವವರನ್ನು ನಂಬಬೇಡಿ ಎಂದು ಅದೇ ಎಚ್ಚರಿಸುತ್ತದೆ. ನೋಡಿ ಒಪ್ಪಬೇಕಾದವರು ಸ್ಥಳೀಯ ಆಡಳಿತದ ಕಟ್ಟಡ ಅಧಿಕಾರಿಗಳು. ಹಲವು ಊರುಗಳಲ್ಲಿ ಇಂತಹ ಕೋಣೆಗಳ ಪಟ್ಟಿಯನ್ನೂ ಇಟ್ಟುಕೊಳ್ಳುತ್ತಾರೆ. ಮನೆ ಕುಸಿದು ಬಾಗಿಲ ಮೇಲೆ ಅವಶೇಷ ಬಿದ್ದರೆ ಒಳಗೆ ಜನ ಇದ್ದಾರೆಂದು ರಕ್ಷಣಾ ತಂಡಕ್ಕೆ ಗೊತ್ತಾಗಲಿ ಎಂಬ ಕಾರಣಕ್ಕೆ. ಈ ಪಟ್ಟಿಯ ವಿಷಯ ನೆನಪಿನಲ್ಲಿರಲಿ, ಮುಂದೆ ನಮ್ಮ ವಾರ್ಡುಗಳ ಮಾತು ಬಂದಾಗ ಅದು ಬೇಕಾಗುತ್ತದೆ.

ನಮ್ಮಲ್ಲಿ ಮನೆಯೇ ಆಶ್ರಯ

ಅಂತಹ ಕೋಣೆ ನಮಗೆ ಬೇಕಿಲ್ಲ. ನಮ್ಮಲ್ಲಿ ಅಂತಹ ಸುಂಟರಗಾಳಿಯೂ ಇಲ್ಲ, ಅಷ್ಟು ಹಣವೂ ಇಲ್ಲ. ಕರಾವಳಿಯಲ್ಲಿ ಸರ್ಕಾರವೇ ಸಾರ್ವಜನಿಕ ಚಂಡಮಾರುತ ಆಶ್ರಯ ಕಟ್ಟಡಗಳನ್ನು ಕಟ್ಟಿಸುವ ಯೋಜನೆಯಿದೆ. ವಿಶ್ವಬ್ಯಾಂಕ್ ನೆರವಿನ ರಾಷ್ಟ್ರೀಯ ಚಂಡಮಾರುತ ಅಪಾಯ ತಗ್ಗಿಸುವ ಯೋಜನೆಯ ಎರಡನೇ ಹಂತದಲ್ಲಿ ಕರ್ನಾಟಕವನ್ನೂ ಸೇರಿಸಲಾಯಿತು. 2017ರ ಕೊನೆಯಲ್ಲಿ ಒಖಿ, 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತ ಬಂದಾಗ ಅರಬ್ಬಿ ಸಮುದ್ರ ಸುಮ್ಮನಿರುವ ಸಮುದ್ರವಲ್ಲ ಎಂದು ನಮಗೆ ಅರಿವಾಯಿತು. ಆದರೆ ಘಟ್ಟದ ಮೇಲೆ, ಶಿವಮೊಗ್ಗ ಭದ್ರಾವತಿಗಳಲ್ಲಿ, ಮೇ ತಿಂಗಳ ಸಂಜೆ ಹತ್ತು ನಿಮಿಷದಲ್ಲಿ ಗಾಳಿ, ಗುಡುಗು, ಆಲಿಕಲ್ಲು ಎಲ್ಲವೂ ಒಟ್ಟಿಗೆ ಬರುವಾಗ ಯಾವ ಆಶ್ರಯ ಕಟ್ಟಡಕ್ಕೂ ಓಡಿಹೋಗಲು ಸಮಯ ಇರುವುದಿಲ್ಲ. ನಾವಿರುವ ಮನೆಯೇ ಆಶ್ರಯ. ಆದುದರಿಂದ ಒಕ್ಲಹೋಮಾದಲ್ಲಿ ಆ ಕೋಣೆಗೆ ಕೇಳುವ ಪ್ರಶ್ನೆಗಳನ್ನು ನಾವು ನಮ್ಮ ಮನೆಗೇ ಕೇಳಬೇಕಾಗಿದೆ.

ಎಷ್ಟು ಗಾಳಿಗೆ ತಡೆಯಬೇಕು? ಭಾರತೀಯ ಮಾನಕ ಬ್ಯೂರೋ ಇದಕ್ಕೊಂದು ನಕ್ಷೆ ಮಾಡಿದೆ. ಐ.ಎಸ್. 875 ಎಂಬ ಮಾನಕದ ಮೂರನೇ ಭಾಗದಲ್ಲಿ (2015) ಮಂಗಳೂರಿಗೆ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಲೋಮೀಟರ್ ಎಂದಿದೆ. ಒಳನಾಡಿನ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಗಂಟೆಗೆ ಸುಮಾರು 119 ಕಿಲೋಮೀಟರ್. ಇದು ದಿನನಿತ್ಯದ ಗಾಳಿಯಲ್ಲ, ಐವತ್ತು ವರ್ಷಕ್ಕೊಮ್ಮೆ ಬರಬಹುದಾದ ಒಂದು ಹೊಡೆತದ ವೇಗ. ಆದರೆ ಅದೇ ಮಾನಕದಲ್ಲಿ ಇನ್ನೊಂದು ಮಾತಿದೆ. ಗುಡ್ಡದ ನೆತ್ತಿಯ ಹತ್ತಿರ ಗಾಳಿ ಇನ್ನೂ ಜೋರಾಗುತ್ತದೆ. ಇಳಿಜಾರು ಕಡಿದಾಗಿದ್ದಲ್ಲಿ ಈ ವೇಗವನ್ನು ಗರಿಷ್ಠ 1.36 ಪಟ್ಟಿನವರೆಗೆ ಹೆಚ್ಚಿಸಿ ಲೆಕ್ಕ ಹಾಕಬೇಕೆಂದು ಅದು ಹೇಳುತ್ತದೆ. ಗಾಳಿಯ ಒತ್ತಡವು ವೇಗದ ವರ್ಗದಂತೆ ಏರುವುದರಿಂದ, ವೇಗ 1.36 ಪಟ್ಟಾದರೆ ಒತ್ತಡ ಎರಡು ಪಟ್ಟಿಗೆ ಹತ್ತಿರವಾಗುತ್ತದೆ. ರಾಗಿಗುಡ್ಡದಂತಹ ಸಣ್ಣ ಗುಡ್ಡಕ್ಕೆ ಅಷ್ಟು ಬೇಕಾಗಲಾರದು. ಆದರೂ ಕೆಳಗಿನ ಬಡಾವಣೆಯಲ್ಲಿ ನಿಂತ ಶೀಟು ಮೇಲಿನ ಮನೆಯಲ್ಲಿ ಯಾಕೆ ಹಾರುತ್ತದೆ ಎಂಬುದಕ್ಕೆ ಉತ್ತರ ಇದರಲ್ಲಿದೆ.

ಮೊದಲು ಗೋಡೆ, ಆಮೇಲೆ ಮಾಡು

ಗಾಳಿಮಳೆ ಎಂದೊಡನೆ ನಾವೆಲ್ಲ ತಲೆಯೆತ್ತಿ ಮಾಡನ್ನು ನೋಡುತ್ತೇವೆ. ನನ್ನ ಜತೆ ಬಂದ ಇಂಜಿನಿಯರರು ಮಾತ್ರ ಮನೆಯೊಳಗೆ ಬರುವ ಮೊದಲೇ ಹಿತ್ತಲಿಗೆ ಹೋದರು. ಮಾಡು ಹಾರಿದರೆ ಸಾಮಾನ್ಯವಾಗಿ ಸಾಮಾನು ಹಾಳಾಗುತ್ತದೆ, ಗೋಡೆ ಬಿದ್ದರೆ ಮನುಷ್ಯರು ಸಾಯುತ್ತಾರೆ ಎಂಬುದು ಅವರ ಮಾತು. ನಮ್ಮಲ್ಲಿ ಮಳೆಗಾಲದ ಪತ್ರಿಕೆಗಳನ್ನು ತಿರುವಿ ಹಾಕಿದರೆ ಅದು ನಿಜವೆಂದು ತಿಳಿಯುತ್ತದೆ. 2024ರ ಜೂನ್ 26ರ ಮುಂಜಾನೆ ಉಳ್ಳಾಲ ಸಮೀಪದ ಕುತ್ತಾರು ಮದನಿನಗರದಲ್ಲಿ ಪಕ್ಕದ ಜಾಗದ ಆವರಣ ಗೋಡೆ ಮನೆಯ ಮೇಲೆ ಕುಸಿದು, ಮಲಗಿದ್ದ ಒಂದೇ ಕುಟುಂಬದ ನಾಲ್ವರು ಮೃತಪಟ್ಟರು. ಆ ಮನೆಯವರು ತಮ್ಮ ಮಾಡನ್ನು ಎಷ್ಟು ಭದ್ರಪಡಿಸಿದ್ದರೂ ಪ್ರಯೋಜನವಿರಲಿಲ್ಲ. ಅಪಾಯ ಬೇರೆಯವರ ಜಾಗದಲ್ಲಿತ್ತು.

ಗುಡ್ಡದ ಮಗ್ಗುಲನ್ನು ಕಡಿದು ಸಮಮಾಡಿದ ನಿವೇಶನಗಳಲ್ಲಿ ಈ ಅಪಾಯ ಯಾವಾಗಲೂ ಇರುತ್ತದೆ. ಮೇಲಿನ ನಿವೇಶನದವರು ತಮ್ಮ ಅಂಚಿಗೆ ಆರಿಂಚಿನ ಕಾಂಪೌಂಡು ಕಟ್ಟುತ್ತಾರೆ. ಕಟ್ಟುವಾಗ ಅದು ಬರೀ ಬೇಲಿ. ಕೆಲವು ವರ್ಷಗಳ ಬಳಿಕ ಅವರೇ ಅಂಗಳ ಎತ್ತರಿಸಲು ಒಳಗಡೆ ಮಣ್ಣು ತುಂಬುತ್ತಾರೆ. ಆಗ ಅದೇ ಗೋಡೆ ಮಣ್ಣು ತಡೆಯುವ ಗೋಡೆಯಾಗಿ ಬಿಡುತ್ತದೆ. ಆದರೆ ಅದಕ್ಕೆ ಬೇಕಾದ ಪಾಯವೂ ಇಲ್ಲ, ದಪ್ಪವೂ ಇಲ್ಲ. ಬೇಸಿಗೆಯಲ್ಲಿ ಒಣಮಣ್ಣು ಹೇಗೋ ನಿಲ್ಲುತ್ತದೆ. ನಾಲ್ಕು ದಿನ ಎಡೆಬಿಡದೆ ಮಳೆ ಸುರಿದರೆ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಜತೆಗೆ ಗೋಡೆಯ ಹಿಂದೆ ನಿಂತ ನೀರು ತಾನೇ ಗೋಡೆಯನ್ನು ದೂಡತೊಡಗುತ್ತದೆ.

ಇದನ್ನು ಪರೀಕ್ಷಿಸಲು ಯಂತ್ರ ಬೇಡ. ಗೋಡೆಯ ಮೇಲಿನಿಂದ ಒಂದು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಗೋಡೆ ನಮ್ಮ ಕಡೆ ವಾಲಿದೆಯೇ ಎಂದು ಕಾಣುತ್ತದೆ. ಮೇಸ್ತ್ರಿಗಳ ತೂಕದ ಗುಂಡು ಇದ್ದರೆ ಇನ್ನೂ ಒಳ್ಳೆಯದು. ನಡುವೆ ಹೊಟ್ಟೆ ಉಬ್ಬಿದೆಯೇ? ಬುಡದಲ್ಲಿ ನೀರು ಹೊರಹೋಗಲು ಎರಡು ಮೂರು ಇಂಚಿನ ಪೈಪುಗಳಿವೆಯೇ? ಇದ್ದರೆ ಅವು ಮಣ್ಣು, ಬೇರು, ಇರುವೆಗೂಡುಗಳಿಂದ ಮುಚ್ಚಿಹೋಗಿಲ್ಲವೇ? ಮಳೆಗಾಲದಲ್ಲಿ ಆ ಪೈಪಿನಿಂದ ನೀರು ಬರುತ್ತಿದ್ದರೆ ಅದು ಒಳ್ಳೆಯ ಲಕ್ಷಣ. ಪ್ರತಿ ವರ್ಷ ಬರುತ್ತಿದ್ದ ನೀರು ಈ ವರ್ಷ ನಿಂತುಹೋದರೆ, ಅಥವಾ ತಿಳಿಯಾಗಿ ಬರುತ್ತಿದ್ದ ನೀರು ಕೆಸರಾಗಿ ಬಂದರೆ, ಆ ಗೋಡೆಯ ಪಕ್ಕದ ಕೋಣೆಯಲ್ಲಿ ಯಾರೂ ಮಲಗಬಾರದು.

ನಾವು ನೋಡಿದ ಮನೆಯಲ್ಲಿ ಮೇಲಿನವರ ಗೋಡೆಗೂ ಈ ತಾಯಿಯ ಮಲಗುವ ಕೋಣೆಗೂ ನಡುವೆ ಮೂರು ಅಡಿ ಜಾಗ. ಗೋಡೆಯ ಎತ್ತರ ಏಳು ಅಡಿ. ಪೈಪು ಒಂದೂ ಇರಲಿಲ್ಲ. ಇಂಜಿನಿಯರರು ಹೆಚ್ಚೇನೂ ಹೇಳದೆ, "ಅಮ್ಮ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಚ ಮುಂದಿನ ಕೋಣೆಗೆ ಹಾಕಿಸಿ" ಎಂದರು. ಖರ್ಚಿಲ್ಲದ ಈ ಒಂದು ಕೆಲಸ ಹಲವು ಮನೆಗಳಲ್ಲಿ ಆಗಬೇಕಾಗಿದೆ.

ಮನೆಯ ಸ್ವಂತ ಗೋಡೆಗಳ ವಿಷಯವೂ ಇದೆ. ಮಣ್ಣಿನ ಅಥವಾ ಹಸಿ ಇಟ್ಟಿಗೆಯ ಗೋಡೆ ಒಣಗಿರುವಷ್ಟು ಕಾಲ ಗಟ್ಟಿ. ಬುಡ ನೆನೆದರೆ ಅದರ ಶಕ್ತಿ ಹೋಗುತ್ತದೆ. ಹೊರಗಿನ ಗಿಲಾವು ಉದುರಿದ ಜಾಗ, ಸೂರಿನ ನೀರು ಬಿದ್ದು ಕೊರೆದ ಬುಡ, ಇಲಿ ಹೆಗ್ಗಣ ಕೊರೆದ ಮೂಲೆಗಳನ್ನು ನೋಡಬೇಕು. ಜಂಬಿಟ್ಟಿಗೆ ಕಲ್ಲಿನ (ಕರಾವಳಿಯವರು ಮುರಕಲ್ಲು, ಕೆಂಪುಕಲ್ಲು ಎನ್ನುವುದು ಇದನ್ನೇ) ಗೋಡೆಯಾದರೆ ಕಲ್ಲುಗಳ ನಡುವಿನ ಗಾರೆ ಉಳಿದಿದೆಯೇ ಎಂದು ಮೊಳೆಯಿಂದ ಕೆರೆದು ನೋಡಬಹುದು.

ಬಿರುಕುಗಳ ವಿಷಯದಲ್ಲಿ ಶಿವಮೊಗ್ಗದವರಿಗೆ ವಿಶೇಷ ಕಾರಣವೊಂದಿದೆ. 2021ರ ಜನವರಿ 21ರ ರಾತ್ರಿ ಹುಣಸೋಡು ಬಳಿ ಕಲ್ಲುಕ್ವಾರಿಗೆ ತಂದ ಸ್ಫೋಟಕ ಸಿಡಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಶಿವಮೊಗ್ಗ, ಭದ್ರಾವತಿಗಳಲ್ಲಿ ಜನ ಭೂಕಂಪವೆಂದು ಬೀದಿಗೆ ಓಡಿ ಬಂದರು. ಕಿಟಕಿಯ ಗಾಜುಗಳು ಒಡೆದವು, ಗೋಡೆಗಳು ಬಿರುಕು ಬಿಟ್ಟವು. ಅಂದು ಬಿದ್ದ ಬಿರುಕಿಗೆ ಸುಣ್ಣ ಬಳಿದು ಮರೆತವರು ಬಹಳ. ಬಿರುಕು ಕೂದಲೆಳೆಯಷ್ಟಿದ್ದು ಹಾಗೆಯೇ ನಿಂತಿದ್ದರೆ ಹೆದರಬೇಕಿಲ್ಲ. ಅದು ಬೆಳೆಯುತ್ತಿದೆಯೇ ಎಂದು ತಿಳಿಯಲು ಬಿರುಕಿನ ಎರಡು ತುದಿಗೂ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆದಿಡಿ. ಎರಡು ತಿಂಗಳ ಬಳಿಕ ಬಿರುಕು ಗೆರೆ ದಾಟಿದ್ದರೆ, ಅಥವಾ ಕಿಟಕಿಯ ಮೂಲೆಯಿಂದ ಓರೆಯಾಗಿ ಮಾಡಿನವರೆಗೆ ಹೋಗಿದ್ದರೆ, ಇಂಜಿನಿಯರರನ್ನು ಕರೆಸಲೇಬೇಕು. ಭದ್ರಾವತಿಯ ಹಳೆಯ ಕಾರ್ಖಾನೆ ಕ್ವಾರ್ಟರ್ಸುಗಳಲ್ಲಿ ಇರುವವರು ಇದನ್ನು ಇನ್ನಷ್ಟು ಗಮನವಿಟ್ಟು ಮಾಡಬೇಕು. ದುರಸ್ತಿಯ ಹೊಣೆ ಯಾರದು ಎಂಬ ಪ್ರಶ್ನೆಯಲ್ಲಿ ವರ್ಷಗಳು ಕಳೆದುಹೋಗುತ್ತವೆ, ಗೋಡೆ ಕಾಯುವುದಿಲ್ಲ.

ಗಾಳಿ ದೂಡುವುದಲ್ಲ, ಎಳೆಯುವುದು

ಮಾಡಿನ ವಿಷಯದಲ್ಲಿ ನಮ್ಮೆಲ್ಲರಿಗೂ ಒಂದು ತಪ್ಪು ತಿಳುವಳಿಕೆಯಿದೆ. ಗಾಳಿ ಮಾಡನ್ನು ಒತ್ತುತ್ತದೆ ಎಂದುಕೊಂಡಿದ್ದೇವೆ. ನಿಜವಾಗಿ ಗಾಳಿ ಮಾಡಿನ ಮೇಲೆ ಹಾದುಹೋಗುವಾಗ ಅದನ್ನು ಮೇಲಕ್ಕೆ ಎಳೆಯುತ್ತದೆ, ವಿಶೇಷವಾಗಿ ಸೂರಿನ ಅಂಚು, ಮೂಲೆ ಮತ್ತು ನೆತ್ತಿಯ ಬಳಿ. ಗಾಳಿ ಬರುವ ಕಡೆಯ ಕಿಟಕಿ ತೆರೆದಿದ್ದರೆ ಒಳನುಗ್ಗಿದ ಗಾಳಿ ಕೆಳಗಿನಿಂದಲೂ ದೂಡುತ್ತದೆ. ಗಾಳಿ ಹಾದುಹೋಗಲಿ ಎಂದು ಕಿಟಕಿ ತೆರೆದಿಡುವ ಹಿರಿಯರ ಕ್ರಮ ಈ ಕಾರಣಕ್ಕೆ ಸರಿಯಲ್ಲ. ಎಲ್ಲವನ್ನೂ ಮುಚ್ಚಿ ಚಿಲಕ ಹಾಕಬೇಕು.

ಶೀಟಿನ ಮೇಲೆ ಕಲ್ಲು, ಮರಳು ಚೀಲ, ಹಳೆ ಟಯರು ಹೇರುವುದನ್ನು ಎಲ್ಲೆಲ್ಲೂ ಕಾಣುತ್ತೇವೆ. ಜೋರು ಗಾಳಿಗೆ ಆ ಭಾರ ಏನೇನೂ ಸಾಲದು, ಶೀಟು ಎದ್ದರೆ ಆ ಕಲ್ಲೇ ಯಾರದೋ ತಲೆಯ ಮೇಲೆ ಬೀಳುತ್ತದೆ. ಬೇಕಾದದ್ದು ಭಾರವಲ್ಲ, ಬಿಗಿತ. ಅದು ಸರಪಣಿಯಂತೆ ಮೇಲಿನಿಂದ ಪಾಯದವರೆಗೆ ಬರಬೇಕು. ಶೀಟನ್ನು ರೀಪು ಅಥವಾ ಕಬ್ಬಿಣದ ಪೈಪಿಗೆ ಹಿಡಿಯಲು ಜೆ ಬೋಲ್ಟು, ಪ್ರತಿ ಬೋಲ್ಟಿಗೂ ಅಗಲವಾದ ವಾಷರು. ಅಂಚಿನಲ್ಲಿ ಮತ್ತು ನೆತ್ತಿಯಲ್ಲಿ ಬೋಲ್ಟುಗಳು ಹತ್ತಿರ ಹತ್ತಿರ ಇರಬೇಕು. ಮುಂದಿನ ಕೊಂಡಿಯನ್ನು ಮಾತ್ರ ಹೆಚ್ಚಿನವರು ಮರೆಯುತ್ತಾರೆ: ಆ ಪೈಪು ಅಥವಾ ತೊಲೆಯನ್ನು ಗೋಡೆಗೆ ಹಿಡಿದದ್ದು ಯಾವುದು? ನಾವು ನೋಡಿದ ಐದಾರು ಮನೆಗಳಲ್ಲಿ ಮೂರು ಕಡೆ ತೊಲೆ ಗೋಡೆಯ ಮೇಲೆ ಸುಮ್ಮನೆ ಕೂತಿತ್ತು, ಸುತ್ತ ಸ್ವಲ್ಪ ಸಿಮೆಂಟು ಮೆತ್ತಲಾಗಿತ್ತು. ಇಂತಹ ಮನೆಯಲ್ಲಿ ಶೀಟಿಗೆ ಬೋಲ್ಟು ಹೆಚ್ಚಿಸಿದರೆ ಶೀಟು ಒಂದೊಂದೇ ಹಾರುವ ಬದಲು ಇಡೀ ಮಾಡು ಒಟ್ಟಿಗೆ ಎದ್ದುಹೋಗುತ್ತದೆ. ಲಿಂಟಲ್ ಮಟ್ಟದ ಕಾಂಕ್ರೀಟು ಪಟ್ಟಿಯೊಳಗೆ ಹುದುಗಿಸಿದ ಕಬ್ಬಿಣದ ಪಟ್ಟಿ ಅಥವಾ ಬೋಲ್ಟು ತೊಲೆಯನ್ನು ಹಿಡಿದಿರಬೇಕು. ಅಮೆರಿಕದ ಅಧಿಕಾರಿ ನೆಲದ ಬೋಲ್ಟನ್ನು ಮುಟ್ಟಿ ನೋಡಿದ್ದು ಇದೇ ಕಾರಣಕ್ಕೆ.

ಹೆಂಚಿನ ಮನೆಗಳ ಲೆಕ್ಕ ಬೇರೆ. ಬಾಸೆಲ್ ಮಿಷನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹರಡಿದ ಈ ಹೆಂಚು ತನ್ನ ತೂಕದಿಂದಲೇ ರೀಪಿನ ಮೇಲೆ ಕೂರುತ್ತದೆ, ಹಿಂಬದಿಯ ಗುಬುಟು ಅದನ್ನು ಜಾರದಂತೆ ಹಿಡಿಯುತ್ತದೆ. ಗಾಳಿ ಎಳೆದಾಗ ನಡುವಿನ ಹೆಂಚುಗಳು ಸಾಮಾನ್ಯವಾಗಿ ನಿಲ್ಲುತ್ತವೆ, ಅಂಚಿನವು ಏಳುತ್ತವೆ. ಆದುದರಿಂದ ಅಂಚಿನ ಸಾಲು ಮತ್ತು ನೆತ್ತಿಯ ಮೂಲೆಹೆಂಚುಗಳನ್ನು ತಂತಿಯಿಂದ ರೀಪಿಗೆ ಕಟ್ಟಬೇಕು, ಅಥವಾ ಗಾರೆಯಲ್ಲಿ ಕೂರಿಸಬೇಕು. ರೀಪು, ಪಕ್ಕಾಸುಗಳಿಗೆ ಗೆದ್ದಲು ಹಿಡಿದಿದೆಯೇ ಎಂದು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಸುಲಭವಾಗಿ ಒಳಹೋದರೆ ಆ ಮರದ ಕೆಲಸ ಮುಗಿದಿದೆ.

ಸೂರಿನ ಉದ್ದದ ಬಗ್ಗೆ ಒಂದು ಗೊಂದಲವಿದೆ. ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಗೋಡೆ ನೆನೆಯದಂತೆ ಸೂರನ್ನು ಉದ್ದ ಬಿಡುವುದು ವಾಡಿಕೆ, ಅದು ಬೇಕು ಕೂಡಾ. ಆದರೆ ಗಾಳಿಯ ದೃಷ್ಟಿಯಿಂದ ಉದ್ದ ಸೂರು ಅಪಾಯ, ಅದರ ಕೆಳಗೆ ಗಾಳಿ ಸಿಕ್ಕಿಕೊಂಡು ಎತ್ತುತ್ತದೆ. ಮಳೆಗೊಂದು ಗಾಳಿಗೊಂದು ಎಂದರೆ ಬಡವರು ಏನು ಮಾಡಬೇಕು? ಚಂಡಮಾರುತ ತಡೆಯುವ ಸಣ್ಣ ಮನೆಗಳ ಬಗ್ಗೆ ಇರುವ ಐ.ಎಸ್. 15498 ಎಂಬ 2004ರ ಮಾನಕ ಇಂತಹುದೇ ವಿಷಯಗಳನ್ನು ಹೇಳುತ್ತದೆ. ಒಳ್ಳೆಯ ದಾರಿಯೆಂದರೆ ಜಗಲಿಯ ಮಾಡನ್ನು ಮನೆಯ ಮಾಡಿನ ಮುಂದುವರಿಕೆಯಾಗಿ ಮಾಡದೆ, ಸ್ವಲ್ಪ ತಗ್ಗಿಸಿ ಬೇರೆಯಾಗಿಯೇ ಕಟ್ಟುವುದು. ಗಾಳಿಗೆ ಜಗಲಿಯ ಮಾಡು ಹೋದರೂ ಮನೆಯ ಮಾಡನ್ನು ಜತೆಗೆ ಕೊಂಡೊಯ್ಯುವುದಿಲ್ಲ. ಹೊಸದಾಗಿ ಕಟ್ಟುವವರು ನಾಲ್ಕೂ ಕಡೆ ಇಳಿಜಾರಿರುವ ಮಾಡನ್ನು ಆರಿಸಿದರೆ ಇನ್ನೂ ಲೇಸು.

ಆರ್.ಸಿ.ಸಿ. ಮನೆಯವರು ಇಷ್ಟು ಓದಿ ನೆಮ್ಮದಿಯಾಗಿರಬಹುದು. ನಿಲ್ಲಿ. ಟೆರೇಸು ಸೋರುತ್ತದೆಂದು ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸುವುದು ಈಗ ಎಲ್ಲ ಕಡೆ ನಡೆದಿದೆ. ನಾಲ್ಕೂ ಬದಿ ತೆರೆದ, ಎತ್ತರದಲ್ಲಿರುವ ಈ ಚಪ್ಪರದಷ್ಟು ಗಾಳಿಗೆ ಒಡ್ಡಿಕೊಂಡ ಮಾಡು ಇನ್ನೊಂದಿಲ್ಲ. ಕಂಬದ ಬುಡದ ತಗಡನ್ನು ಬಹುತೇಕ ಕಡೆ ಪ್ಯಾರಾಪೆಟ್ ಗೋಡೆಯ ಇಟ್ಟಿಗೆಗೆ ಎರಡು ಸ್ಕ್ರೂ ಹಾಕಿ ಹಿಡಿಸಿರುತ್ತಾರೆ. ಅದು ಕಿತ್ತು ಹಾರಿದರೆ ಬೀಳುವುದು ನೆರೆಯವರ ಹೆಂಚಿನ ಮೇಲೆ. ಸ್ಲ್ಯಾಬಿನ ಅಡಿಯಲ್ಲಿ ಗಿಲಾವು ಉದುರಿ ತುಕ್ಕುಹಿಡಿದ ಸರಳು ಕಾಣುತ್ತಿದ್ದರೆ ಅದನ್ನೂ ತೋರಿಸಬೇಕು.

ಕರೆಂಟು ಮತ್ತು ಮರ

ಇವೆರಡನ್ನು ಚುಟುಕಾಗಿ ಹೇಳುತ್ತೇನೆ. ಕಂಬದಿಂದ ಬರುವ ವಯರು ಶೀಟಿಗೆ ತಾಗಿದ್ದರೆ ಒಂದು ಮಳೆಗೆ ಇಡೀ ಮಾಡು ಕರೆಂಟಾಗುತ್ತದೆ. ಅರ್ಥಿಂಗ್ ಇದೆಯೇ, ಸೋರಿಕೆಯಾದೊಡನೆ ಕರೆಂಟು ಕಡಿದುಹಾಕುವ ಬ್ರೇಕರ್ ಇದೆಯೇ ಎಂದು ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್‌ರಿಂದಲೇ ನೋಡಿಸಿ. ಬೀದಿಯ ತಂತಿ ಜೋತುಬಿದ್ದಿದ್ದರೆ ಮೆಸ್ಕಾಂನ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಮನೆಗೆ ವಾಲಿದ ಮರ ಸ್ವಂತ ಜಾಗದಲ್ಲಿದ್ದರೂ ಬೇಕಾಬಿಟ್ಟಿ ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ಅಡಿಕೆಯಂತಹ ಕೆಲವಕ್ಕೆ ವಿನಾಯಿತಿ ಇದೆ. ಅರ್ಜಿ ಕೊಟ್ಟು ಒಪ್ಪಿಗೆ ಬರುವಷ್ಟರಲ್ಲಿ ಮಳೆಗಾಲ ಬಂದುಬಿಡುತ್ತದೆ, ಆದುದರಿಂದ ಜನವರಿಯಲ್ಲೇ ಕೊಡಿ.

ನೋಡುವವರು ಯಾರು?

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ನೇರವಾಗಿ ಹೇಳುವುದಾದರೆ, ಮಳೆಗಾಲಕ್ಕೆ ಮುನ್ನ ಪ್ರತಿ ಮನೆಗೆ ಬಂದು ನೋಡಿ ಸಹಿ ಹಾಕುವ ವ್ಯವಸ್ಥೆ ನಮ್ಮಲ್ಲಿಲ್ಲ. ಕಟ್ಟಡ ಪರವಾನಗಿ, ಮುಕ್ತಾಯ ಪತ್ರಗಳು ನಕ್ಷೆಯಂತೆ ಕಟ್ಟಿದ್ದೀರಾ ಎಂದು ನೋಡುತ್ತವೆಯೇ ಹೊರತು ಹತ್ತು ವರ್ಷಗಳ ಬಳಿಕ ತೊಲೆ ಹೇಗಿದೆ ಎಂದು ನೋಡುವುದಿಲ್ಲ. ಆದರೆ ಕೇಳಿದರೆ ನೋಡಲೇಬೇಕಾದ ಸಂದರ್ಭಗಳಿವೆ. ಶಿವಮೊಗ್ಗ ನಗರಪಾಲಿಕೆಗೆ ಅನ್ವಯಿಸುವ 1976ರ ಪೌರ ನಿಗಮಗಳ ಕಾಯ್ದೆಯಲ್ಲಿ, ಅಪಾಯಕಾರಿ ಕಟ್ಟಡ, ಗೋಡೆ ಅಥವಾ ಮರದ ಮಾಲೀಕರಿಗೆ ನೋಟಿಸು ಕೊಟ್ಟು ದುರಸ್ತಿ ಮಾಡಿಸುವ, ಕೆಡವಿಸುವ ಅಧಿಕಾರ ಆಯುಕ್ತರಿಗಿದೆ. ಭದ್ರಾವತಿಯಲ್ಲಿ ನಗರಸಭೆಯ ಪೌರಾಯುಕ್ತರಿಗೆ, ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿಯ ಪಿ.ಡಿ.ಒ. ಅವರಿಗೆ ಅರ್ಜಿ ಕೊಡಬೇಕು. ಪಕ್ಕದವರ ಗೋಡೆಯ ಬಗ್ಗೆ ಬಾಯಿಮಾತಿನ ಜಗಳ ಬೇಡ. ಫೋಟೊ ಸಹಿತ ಲಿಖಿತ ಅರ್ಜಿ ಕೊಟ್ಟು ಹಿಂಬರಹ ಪಡೆಯಿರಿ. ಒಂದು ಪ್ರತಿಯನ್ನು ತಹಶೀಲ್ದಾರರಿಗೂ ಕಳುಹಿಸಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಗಳೇ.

ಸ್ವಂತ ಮನೆಯನ್ನು ನೋಡಲು ಪಾಲಿಕೆಯಲ್ಲಿ ನೋಂದಾಯಿಸಿದ ಸಿವಿಲ್ ಇಂಜಿನಿಯರರನ್ನು ಕರೆಸಬಹುದು. ಒಂದೊಂದೇ ಮನೆಯವರು ಕರೆಸಿದರೆ ದುಬಾರಿ, ಒಂದು ವಾರ್ಡಿನ ಹತ್ತು ಹದಿನೈದು ಮನೆಯವರು ಸೇರಿ ಒಂದು ದಿನ ಕರೆಸಿದರೆ ಹಗುರ. ನಮ್ಮ ಗುರಿಕಾರರು ಮತ್ತು ವಿನ್ಸೆಂಟ್ ಡಿ ಪಾವ್ಲ್ ಸಭೆಯವರು ಈ ಕೆಲಸ ವಹಿಸಿಕೊಳ್ಳಬಹುದು, ಮನೆಯವರು ಯಾವ ಮತದವರೆಂದು ಕೇಳುವ ಅಗತ್ಯವಿಲ್ಲ. ಒಕ್ಲಹೋಮಾದ ಪಟ್ಟಿಯ ವಿಷಯ ಹೇಳಿದ್ದೆನಲ್ಲ? ಇಂಜಿನಿಯರರ ಜತೆ ಹೋಗುವವರು ಒಂದು ಪುಸ್ತಕದಲ್ಲಿ ಬರೆದುಕೊಳ್ಳಲಿ: ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರು ಒಂಟಿಯಾಗಿದ್ದಾರೆ, ಅವರು ಮಲಗುವುದು ಯಾವ ಕೋಣೆಯಲ್ಲಿ. ರಾತ್ರಿ ಗೋಡೆ ಬಿದ್ದಾಗ ಯಾವ ಮೂಲೆಯಲ್ಲಿ ಹುಡುಕಬೇಕೆಂದು ಯಾರಿಗಾದರೂ ಗೊತ್ತಿರಬೇಕು.

ತಪಾಸಣೆಯ ದಿನವೇ ಮನೆಯ ನಾಲ್ಕೂ ಬದಿ, ಒಳಗೆ ಪ್ರತಿ ಕೋಣೆಯ ಫೋಟೊ ತೆಗೆದಿಡಿ. ಪರಿಹಾರದ ಪ್ರಶ್ನೆ ಬಂದಾಗ ಇದರ ಬೆಲೆ ತಿಳಿಯುತ್ತದೆ. ಕೇಂದ್ರ ಸರ್ಕಾರ 2022ರಿಂದ 2026ರ ಅವಧಿಗೆ ನಿಗದಿಪಡಿಸಿದ ಮಾನದಂಡದಲ್ಲಿ ಪೂರ್ತಿ ಹಾನಿಯಾದ ಮನೆಗೆ ಬಯಲು ಪ್ರದೇಶದಲ್ಲಿ 1,20,000 ರೂಪಾಯಿ. ಭಾಗಶಃ ಹಾನಿಯಾದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ, ಅದೂ ಹಾನಿ ಕನಿಷ್ಠ ಶೇಕಡಾ 15 ಇದ್ದರೆ ಮಾತ್ರ. ರಾಜ್ಯ ಸರ್ಕಾರ ಕೆಲವೊಮ್ಮೆ ಇದಕ್ಕೆ ಸೇರಿಸಿ ಕೊಡುತ್ತದೆ. 2019ರ ನೆರೆಯ ಬಳಿಕ ಪೂರ್ತಿ ಕುಸಿದ ಮನೆಗೆ 5 ಲಕ್ಷ ಘೋಷಿಸಲಾಗಿತ್ತು. ಶೇಕಡಾ 14 ಮತ್ತು 15ರ ನಡುವಿನ ವ್ಯತ್ಯಾಸವನ್ನು ಸ್ಥಳ ಪರಿಶೀಲನೆಗೆ ಬಂದವರು ನಿರ್ಧರಿಸುತ್ತಾರೆ, ಮೊದಲು ಮನೆ ಹೇಗಿತ್ತೆಂದು ತೋರಿಸಲು ನಿಮ್ಮ ಕೈಯಲ್ಲಿ ಏನಾದರೂ ಇರಬೇಕು. ಹಕ್ಕುಪತ್ರ, ಖಾತೆ, ಕಂದಾಯ ರಸೀದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದೇ ಕಡೆ ಇಡಿ, ಅವುಗಳ ಫೋಟೊಗಳನ್ನು ಬೇರೆ ಊರಿನಲ್ಲಿರುವ ಮಕ್ಕಳ ಫೋನಿಗೆ ಕಳುಹಿಸಿ.

ನಮ್ಮ ಸಭಾಭವನಗಳು

ಧರ್ಮಕೇಂದ್ರಗಳಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳು ಮುಳುಗಿದಂತಹ ಸಂದರ್ಭದಲ್ಲಿ ಜನರಿಗೆ ಇರಲು ದೊಡ್ಡ ಕಟ್ಟಡಗಳು ಬೇಕಾಗುತ್ತವೆ. ಸರ್ಕಾರ ಈಗ ಕಾಳಜಿ ಕೇಂದ್ರ ಎಂದು ಕರೆಯುವುದು ಇದನ್ನೇ. ಚರ್ಚಿನ ಸಭಾಭವನವನ್ನು ಕೊಡಲು ನಾವು ಹಿಂದೆಮುಂದೆ ನೋಡುವುದಿಲ್ಲ, ನೋಡಲೂ ಬಾರದು. ಆದರೆ ಇನ್ನೂರು ಜನರನ್ನು ಒಂದು ಮಾಡಿನ ಕೆಳಗೆ ಮಲಗಿಸುವ ಮುನ್ನ ಆ ಮಾಡನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ? ಶಾಲಾ ಕಟ್ಟಡಗಳಿಗೆ ಸುರಕ್ಷತಾ ಪ್ರಮಾಣಪತ್ರ ಬೇಕು. 2004ರ ಜುಲೈ 16ರಂದು ಕುಂಭಕೋಣಂ ಶಾಲೆಯ ಬೆಂಕಿಯಲ್ಲಿ 94 ಮಕ್ಕಳು ತೀರಿಕೊಂಡ ಬಳಿಕ, 2009ರಲ್ಲಿ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಕಟ್ಟುನಿಟ್ಟಿನ ಆದೇಶ ನೀಡಿತು. ಅದೇ ಆವರಣದ ಸಭಾಭವನದ ಕಡತದಲ್ಲಿ ಹೆಚ್ಚಾಗಿ ಅಂತಹ ಯಾವ ಕಾಗದವೂ ಇರುವುದಿಲ್ಲ. ನಡುವೆ ಕಂಬವಿಲ್ಲದ, ಅಗಲವಾದ ಶೀಟಿನ ಮಾಡು ಗಾಳಿಗೆ ಮನೆಯ ಮಾಡಿಗಿಂತ ಹೆಚ್ಚು ಸುಲಭವಾಗಿ ಸಿಗುತ್ತದೆ. ಶಾಲೆಗೆ ಬರುವ ಇಂಜಿನಿಯರರನ್ನು ಅದೇ ದಿನ ಸಭಾಭವನಕ್ಕೂ ಕರೆದುಕೊಂಡು ಹೋಗಿ. ಹೊರಕ್ಕೆ ತೆರೆಯುವ ಎರಡು ಬಾಗಿಲು, ಹೆಂಗಸರಿಗೆ ಬೆಳಕಿರುವ ಪ್ರತ್ಯೇಕ ಶೌಚಾಲಯ, ಮಳೆಯಲ್ಲೂ ಮುಳುಗದ ದಾರಿ ಇವೆಯೇ ಎಂದು ನೋಡಿ. ಸ್ಲ್ಯಾಬು ಇರುವ ಶಾಲಾ ಕೋಣೆಗಳು ಇದ್ದರೆ ಜೋರು ಗಾಳಿಯ ರಾತ್ರಿ ಜನರನ್ನು ಅಲ್ಲಿಗೇ ಕಳುಹಿಸುವುದು ಒಳ್ಳೆಯದು.

ತುರ್ತಿಗೆ ಜಿಲ್ಲಾ ಸಹಾಯವಾಣಿ 1077, ಪ್ರಾಣಾಪಾಯವಿದ್ದರೆ 112.

ರಾಗಿಗುಡ್ಡದ ಆ ಮನೆಯಲ್ಲಿ ಮೇ ತಿಂಗಳ ಎರಡನೇ ವಾರದೊಳಗೆ ಬಚ್ಚಲುಮನೆಯ ಶೀಟುಗಳಿಗೆ ಹೊಸ ಬೋಲ್ಟು ಬಿತ್ತು, ಮಂಚ ಮುಂದಿನ ಕೋಣೆಗೆ ಬಂತು. ಮೇಲಿನ ಗೋಡೆಯ ಬಗ್ಗೆ ಅರ್ಜಿ ಕೊಡಲಾಯಿತು. ಮೇಲಿನವರೂ ಬಡವರೇ, ಗೋಡೆ ತೆಗೆದು ಕಟ್ಟುವ ಶಕ್ತಿ ಅವರಲ್ಲಿಲ್ಲ. ಕೊನೆಗೆ ಎರಡೂ ಮನೆಯವರು ಕೂತು ಮಾತಾಡಿ, ಗೋಡೆಯ ಬುಡದಲ್ಲಿ ನಾಲ್ಕು ತೂತು ಕೊರೆಸಿ ಪೈಪು ಕೂರಿಸಿದರು, ಹಿಂದಿನ ಮಣ್ಣನ್ನು ಎರಡು ಅಡಿಯಷ್ಟು ತೆಗೆಸಿದರು. ಜುಲೈ ತಿಂಗಳಲ್ಲಿ ಹೋದಾಗ ನಾಲ್ಕರಲ್ಲಿ ಮೂರು ಪೈಪುಗಳಿಂದ ನೀರು ಬರುತ್ತಿತ್ತು. ನಾಲ್ಕನೆಯದನ್ನು ಕಡ್ಡಿ ಹಾಕಿ ಬಿಡಿಸಿಕೊಡಲು ಆ ತಾಯಿ ನನಗೇ ಹೇಳಿದರು.